ಸಾಮಾನೆಲ್ಲ ಇದ್ದರೂ ಹಾಲ್‌ನಲ್ಲಿ ಯಾರೂ ಕೂರುವುದಿಲ್ಲ, ಏನು ಮಾಡಬಹುದು?

ಪ್ರಶ್ನೆ (ಬರೆದವರು: ಬಾಡಿಗೆಮನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಾಲ್ ಬಗ್ಗೆ ಸಲಹೆ ಬೇಕಾಗಿದೆ. ಈ ಬಾಡಿಗೆ ಮನೆಗೆ ಬಂದು ಹತ್ತು ತಿಂಗಳಾಯಿತು. ಹಾಲ್ 11 ಅಡಿ ಅಗಲ, 16 ಅಡಿ ಉದ್ದವಿದೆ. ಅಗಲದ ಒಂದು ಗೋಡೆಗೆ ಒತ್ತಿಕೊಂಡು ಮೂವರು ಕೂರುವ ಸೋಫಾ ಇದೆ, ಅದರೆದುರಿನ ಗೋಡೆಯಲ್ಲಿ ಟಿವಿ, ಟಿವಿಯ ಎಡಬಲಕ್ಕೆ ಒಂದೊಂದು ಕುರ್ಚಿ. ಉದ್ದದ ಗೋಡೆಯಲ್ಲಿ 4 ಅಡಿ ಅಗಲದ ಕಿಟಕಿ ಇದ್ದು, ಅದಕ್ಕೆ ಸರಿಯಾಗಿ ಕಿಟಕಿಯಷ್ಟೇ ಅಳತೆಯ ಪರದೆಯನ್ನು ಹಾಕಿದ್ದೇವೆ. ಗೋಡೆಗಳೂ ನೆಲದ ಟೈಲ್ಸೂ ಬಿಳಿ ಬಣ್ಣದವು. ಟಿವಿಯ ಮೇಲ್ಗಡೆ ಒಂದು ಟ್ಯೂಬ್‌ಲೈಟ್ ಇದೆ.

ಕೊರತೆ ಏನೆಂದು ಯಾರಾದರೂ ಕೇಳಿದರೆ ಬೆರಳಿಟ್ಟು ತೋರಿಸಲು ನನಗೆ ಬರುವುದಿಲ್ಲ. ಸಂಜೆಯಾದರೆ ಎಲ್ಲರೂ ತಮ್ಮ ತಮ್ಮ ಕೋಣೆ ಸೇರುತ್ತಾರೆ. ಎಪ್ಪತ್ತು ದಾಟಿದ ಮಾವನವರು ಓದಲೆಂದು ಹಾಲ್‌ಗೆ ಬಂದವರು ಹತ್ತು ನಿಮಿಷದಲ್ಲಿ ಎದ್ದುಹೋಗುತ್ತಾರೆ. ನಾಲ್ಕು ವರ್ಷದ ಮಗಳು ಆಟದ ಸಾಮಾನನ್ನೆಲ್ಲ ಹೊತ್ತುಕೊಂಡು ಮಲಗುವ ಕೋಣೆಗೆ ಹೋಗಿಬಿಡುತ್ತಾಳೆ. ಮಾತನಾಡಿದರೆ ದನಿ ಮೊಳಗುತ್ತದೆ. ಚೆಂದ ಕಾಣಲೆಂದು ಬಣ್ಣಬಣ್ಣದ ಆರು ದಿಂಬುಗಳು, ಗೋಡೆಗೆ ಅಂಟಿಸುವ ಚಿಟ್ಟೆಗಳು, ಒಂದು ಪ್ಲಾಸ್ಟಿಕ್ ಬಳ್ಳಿ ಎಲ್ಲವನ್ನೂ ತಂದದ್ದಾಯಿತು. ಆದರೂ ಅಲ್ಲಿ ಕುಳಿತರೆ ಯಾರೋ ನಮ್ಮ ಹೆಸರು ಕೂಗುವುದನ್ನು ಕಾಯುತ್ತಾ ಕುಳಿತಂತೆ ಅನ್ನಿಸುತ್ತದೆ. ಗೋಡೆಗೆ ಬಣ್ಣ ಬಳಿಯಲು ಮನೆಯ ಮಾಲೀಕರ ಒಪ್ಪಿಗೆಯಿಲ್ಲ, ಮೊಳೆ ಹೊಡೆಯುವುದೂ ಅವರಿಗೆ ಇಷ್ಟವಿಲ್ಲ. ಇಂತಹ ಹಾಲ್‌ಗೆ ಇನ್ನೇನನ್ನು ಕೊಂಡು ತಂದರೆ ಒಳ್ಳೆಯದು?

ಉತ್ತರ 1 (ಬರೆದವರು: ಮಂದಬೆಳಕು)

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮನೆಯಲ್ಲಿ ಎಲ್ಲಿಯಾದರೂ ಒಂದು ಮೇಜುದೀಪ ಇದ್ದರೆ ಇಂದು ಸಂಜೆ ಅದನ್ನು ಸೋಫಾದ ಪಕ್ಕದ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲಿಟ್ಟು, ಟ್ಯೂಬ್‌ಲೈಟ್ ಆರಿಸಿ, ಹತ್ತು ನಿಮಿಷ ಕುಳಿತು ನೋಡಿ. ನೀವು ಬೆರಳಿಟ್ಟು ತೋರಿಸಲಾಗದ ಕೊರತೆಯ ಅರ್ಧ ಪಾಲು ಅಷ್ಟರಲ್ಲೇ ಗೊತ್ತಾಗುತ್ತದೆ.

ಮೇಲಿನಿಂದ ಬೀಳುವ ಒಂದೇ ಬೆಳಕು ಕೋಣೆಯ ಎಲ್ಲ ಮೂಲೆಗಳನ್ನೂ ಒಂದೇ ಸಮನೆ ತೋರಿಸುತ್ತದೆ. ಕಣ್ಣಿಗೆ ನೆಲೆ ನಿಲ್ಲಲು ಒಂದು ಜಾಗವೇ ಸಿಗುವುದಿಲ್ಲ. ಅದರ ಬದಲು ಬೇರೆ ಬೇರೆ ಎತ್ತರದಲ್ಲಿ ಎರಡು ಮೂರು ಸಣ್ಣ ದೀಪಗಳಿದ್ದರೆ, ಬೆಳಕು ಇದ್ದಲ್ಲಿ ಜನ ಸೇರುತ್ತಾರೆ ಮತ್ತು ಉಳಿದ ಕೋಣೆ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಕುಳಿತವರ ಕಣ್ಣಿಗೆ ಬಲ್ಬು ನೇರವಾಗಿ ಕುಕ್ಕದಂತೆ, ದೀಪದ ಟೋಪಿಯ ಕೆಳ ಅಂಚು ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಇರಬೇಕು.

ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಅಳತೆ ಇರುತ್ತದೆ, ಅದನ್ನು ತಪ್ಪದೆ ಓದಿ. ಇಲ್ಲಿ ಲೆಕ್ಕ ತಿರುಗುಮುರುಗು: ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಬೆಚ್ಚಗಿನ ಹಳದಿಯಾಗುತ್ತದೆ, ಹೆಚ್ಚಾದಷ್ಟೂ ನೀಲಿಗೆ ತಿರುಗುತ್ತದೆ. ಮೇಣದ ಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್, ಹಳೆಯ ತಂತಿ ಬಲ್ಬಿನದು ಸುಮಾರು 2700. ನಿಮ್ಮ ಟ್ಯೂಬ್‌ಲೈಟ್ ಬಹುಶಃ 6500ರದ್ದು, ಅಂದರೆ ಮೋಡ ಮುಸುಕಿದ ಹಗಲಿನ ಬೆಳಕಿಗೆ ಹತ್ತಿರವಾದದ್ದು. ಬಿಳಿ ಗೋಡೆ, ಬಿಳಿ ನೆಲದ ಮೇಲೆ ಅದು ಬಿದ್ದರೆ ಕೋಣೆ ಆಸ್ಪತ್ರೆಯ ಮೊಗಸಾಲೆಯಂತೆ ಕಾಣದೆ ಇನ್ನು ಹೇಗೆ ಕಂಡೀತು? ಸಂಜೆಯ ದೀಪಗಳಿಗೆ 2700 ಕೆಲ್ವಿನ್ ಬಲ್ಬನ್ನೇ ಹಾಕಿ, ಮತ್ತು ಎಲ್ಲ ದೀಪಗಳಿಗೂ ಒಂದೇ ಸಂಖ್ಯೆಯನ್ನು ಆರಿಸಿ.

ಬೆಳಕಿನ ಪ್ರಮಾಣವನ್ನು ಹೇಳುವುದು ಲ್ಯೂಮೆನ್. ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕು ಬೇಕೆಂದರೆ ಸುಮಾರು 800 ಲ್ಯೂಮೆನ್ ಎಂದು ಇಟ್ಟುಕೊಳ್ಳಿ. ಮೂಲೆಯ ದೀಪಕ್ಕೆ ಅದರ ಅರ್ಧ ಸಾಕು. ನಾನು ಇದನ್ನು ತಿಳಿಯದೆ, ಹಳದಿಯಾದರೆ ಸಾಕೆಂದು ಆರು ಪ್ರಖರ ಬಲ್ಬುಗಳನ್ನು ಚಾವಣಿಯಲ್ಲೇ ಹಾಕಿಸಿ, ನಾಟಕದ ರಂಗದ ಮೇಲೆ ಸಂಸಾರ ಮಾಡಿದಂತೆ ಒಂದು ವರ್ಷ ಕಳೆದಿದ್ದೇನೆ.

ಮಾವನವರ ವಿಷಯ ಬೇರೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಆದ್ದರಿಂದ ಓದಲು ಅವರಿಗೆ ನಮಗಿಂತ ಬಹಳ ಹೆಚ್ಚು ಬೆಳಕು ಬೇಕು. ಅವರು ಕೂರುವ ಜಾಗಕ್ಕೆ, ಭುಜದ ಹಿಂದಿನಿಂದ ಪುಟದ ಮೇಲೆ ಬೀಳುವ ಹಾಗೆ 800 ಲ್ಯೂಮೆನ್‌ಗೆ ಕಡಿಮೆಯಿಲ್ಲದ ಪ್ರತ್ಯೇಕ ದೀಪವನ್ನು ಕೊಡಿ. ಟ್ಯೂಬ್‌ಲೈಟನ್ನು ಕಿತ್ತುಹಾಕಬೇಡಿ, ಗುಡಿಸುವಾಗ ಮತ್ತು ಸೋಫಾದಡಿ ಬಿದ್ದದ್ದನ್ನು ಹುಡುಕುವಾಗ ಅದೇ ಬೇಕಾಗುತ್ತದೆ.

ಉತ್ತರ 2 (ಬರೆದವರು: ಅಳತೆಪಟ್ಟಿ)

ಬೆಳಕಿನ ಬಗ್ಗೆ ಮೇಲೆ ಬರೆದಿರುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಿಮ್ಮ ಕೊಠಡಿಯ ಅಳತೆಯನ್ನು ಓದಿದ ಕೂಡಲೇ ನನಗೆ ಕಂಡದ್ದು ಕುರ್ಚಿಗಳ ಸ್ಥಾನ. 16 ಅಡಿಯ ಕೋಣೆಯಲ್ಲಿ ಸೋಫಾ ಒಂದು ಕೊನೆಗೆ, ಕುರ್ಚಿಗಳು ಇನ್ನೊಂದು ಕೊನೆಗೆ ಇದ್ದರೆ ಎದುರುಬದುರು ಕುಳಿತವರ ನಡುವೆ ಹತ್ತಡಿ ಖಾಲಿ ಜಾಗ ಉಳಿಯುತ್ತದೆ. ಎಂಟು ಅಡಿ ದಾಟಿದರೆ ಆರಾಮವಾಗಿ ಮಾತನಾಡಲಾಗುವುದಿಲ್ಲ, ಗಂಟಲು ಎತ್ತಬೇಕಾಗುತ್ತದೆ. ಬರಿಯ ಗೋಡೆ ಆ ದನಿಯನ್ನು ತಿರುಗಿ ನಿಮ್ಮ ಕಿವಿಗೇ ತಂದು ಹಾಕುತ್ತದೆ. ಮನೆಯವರು ಎದ್ದುಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಎರಡೂ ಕುರ್ಚಿಗಳನ್ನು ಟಿವಿಯ ಪಕ್ಕದಿಂದ ಎತ್ತಿ ಸೋಫಾದ ಕಡೆಗೆ ತನ್ನಿ. ಒಂದನ್ನು ಕಿಟಕಿಯ ಹತ್ತಿರ, ಬೆನ್ನು ಸ್ವಲ್ಪ ಓರೆಯಾಗಿ ಇಡಿ. ಮಾವನವರ ಓದಿನ ಜಾಗ ಅದೇ ಆಗಲಿ. ಇನ್ನೊಂದು ಅದರ ಎದುರಿಗಿರಲಿ. ಸೋಫಾವನ್ನು ಗೋಡೆಯಿಂದ ಅರ್ಧ ಅಡಿಯಾದರೂ ಮುಂದಕ್ಕೆ ಎಳೆಯಿರಿ. ಜಾಗ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೆದರುತ್ತಾರೆ, ಆದರೆ ಗೋಡೆಗೆ ಅಂಟಿದ ಸಾಮಾನುಗಳಿಂದ ನಡುವೆ ಉಳಿಯುವ ಬಯಲು ಯಾರ ಉಪಯೋಗಕ್ಕೂ ಬರುವುದಿಲ್ಲ. ಸೋಫಾಕ್ಕೂ ಟೀಪಾಯಿಗೂ ನಡುವೆ 14ರಿಂದ 18 ಅಂಗುಲ ಇರಲಿ: ಕೈ ಚಾಚಿದರೆ ಲೋಟ ಸಿಗಬೇಕು, ಮೊಣಕಾಲು ತಾಗಬಾರದು. ಓಡಾಡುವ ದಾರಿಗೆ ಎರಡೂವರೆ ಅಡಿಯಿಂದ ಮೂರು ಅಡಿ ಬಿಡಿ.

ದನಿ ಮೊಳಗುವುದಕ್ಕೆ ಮದ್ದು ಬಟ್ಟೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟಣ್ ಎಂದು ಹಿಂದಿರುಗಿದರೆ ಗಟ್ಟಿ ಮೈಯ ವಸ್ತುಗಳೇ ಹೆಚ್ಚಾಗಿವೆ ಎಂದರ್ಥ. ನೆಲಹಾಸು ತರುವುದಾದರೆ ದೊಡ್ಡದನ್ನೇ ತನ್ನಿ. ಸೋಫಾದ ಮತ್ತು ಕುರ್ಚಿಗಳ ಮುಂಗಾಲುಗಳಾದರೂ ಅದರ ಮೇಲೆ ನಿಲ್ಲಬೇಕು. ಟೀಪಾಯಿಯ ಅಡಿಗೆ ಮಾತ್ರ ಹಿಡಿಯುವ ನೆಲಹಾಸು ಒದ್ದೆಯಾಗಿ ಒಣಗಲು ಹಾಕಿದ ಟವೆಲಿನಂತೆ ಕಾಣುತ್ತದೆ. ನಿಮ್ಮ ಅಳತೆಗೆ 6 ಅಡಿಗೆ 9 ಅಡಿಯದು ಸರಿಹೋದೀತು. ಕೊಳ್ಳುವ ಮೊದಲು ಹಳೆಯ ಪತ್ರಿಕೆಗಳನ್ನು ಅದೇ ಅಳತೆಗೆ ನೆಲದ ಮೇಲೆ ಹರಡಿ, ಎರಡು ದಿನ ಅದರ ಮೇಲೆಯೇ ಓಡಾಡಿ ನೋಡಿ. ಹಿರಿಯರಿರುವ ಮನೆಯಾದ್ದರಿಂದ ಅಡಿಯಲ್ಲಿ ಜಾರದ ರಬ್ಬರ್ ಹಾಸು ಕಡ್ಡಾಯ, ಮತ್ತು ಅಂಚು ಮೇಲಕ್ಕೆ ಸುರುಳಿಯಾಗುವಂಥದ್ದು ಬೇಡವೇ ಬೇಡ.

ಪರದೆಯ ವಿಚಾರದಲ್ಲಿ ಕಿಟಕಿಯಷ್ಟೇ ಅಳತೆ ಎಂಬುದು ಬಹಳ ಜನ ಮಾಡುವ ತಪ್ಪು. ಪರದೆಯ ಸಲಾಕೆ ಕಿಟಕಿಯ ಚೌಕಟ್ಟಿಗಿಂತ 4ರಿಂದ 6 ಅಂಗುಲ ಮೇಲಿದ್ದು, ಎರಡೂ ಬದಿಗೆ 6ರಿಂದ 8 ಅಂಗುಲ ಹೊರಚಾಚಿರಲಿ, ಬಟ್ಟೆ ನೆಲವನ್ನು ಮುಟ್ಟಲಿ. ಆಗ ಹಗಲಿನಲ್ಲಿ ಪರದೆ ಸರಿಸಿದರೆ ಗಾಜು ಪೂರ್ತಿ ತೆರೆದುಕೊಳ್ಳುತ್ತದೆ, ಕಿಟಕಿಯೂ ದೊಡ್ಡದಾಗಿ ಕಾಣುತ್ತದೆ. ಬಟ್ಟೆಯ ಒಟ್ಟು ಅಗಲ ಸಲಾಕೆಯ ಎರಡು ಪಟ್ಟಾದರೂ ಇದ್ದರೆ ಮಾತ್ರ ನಿರಿಗೆ ಬೀಳುತ್ತದೆ, ದನಿಯನ್ನು ಹೀರುವುದೂ ಆ ನಿರಿಗೆಗಳೇ. ಮಾಲೀಕರನ್ನು ಒಪ್ಪಿಸಿ ಎರಡು ರಂಧ್ರ ಕೊರೆಸುವುದಾದರೆ ಅದನ್ನು ಈ ಸಲಾಕೆಗಾಗಿಯೇ ಖರ್ಚು ಮಾಡಿ.

ಉತ್ತರ 3 (ಬರೆದವರು: ಖಾಲಿಕಪಾಟು)

ಮೇಲಿನ ಇಬ್ಬರೂ ತರಬೇಕಾದ ಸಾಮಾನುಗಳ ಪಟ್ಟಿಯನ್ನೇ ಬೆಳೆಸುತ್ತಿದ್ದಾರೆ ಎಂದು ನನ್ನ ಸಣ್ಣ ತಕರಾರು. ಒಂದು ರಜೆಯ ದಿನ ಸೋಫಾ, ಕುರ್ಚಿ, ಟಿವಿ ಬಿಟ್ಟು ಉಳಿದದ್ದನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ ಎರಡು ದಿನ ಹಾಗೆಯೇ ಬಿಡಿ. ನಂತರ ನಿಮಗೆ ನೆನಪಾದ ವಸ್ತುಗಳನ್ನು ಮಾತ್ರ, ಒಂದೊಂದಾಗಿ ವಾಪಸ್ ತನ್ನಿ. ಚಿಟ್ಟೆಗಳೂ ಪ್ಲಾಸ್ಟಿಕ್ ಬಳ್ಳಿಯೂ ನಿಮ್ಮ ನೆನಪಿಗೆ ಬರಲಿಕ್ಕಿಲ್ಲ. ಆರು ದಿಂಬುಗಳಲ್ಲಿ ಮೂರು ಉಳಿದರೆ ಕೂರುವವರಿಗೂ ಸ್ವಲ್ಪ ಜಾಗ ಸಿಗುತ್ತದೆ.

ಬದಲಿಗೆ ನಿಮ್ಮದೇ ಎನ್ನುವಂಥ ಒಂದೆರಡು ವಸ್ತುಗಳು ಅಲ್ಲಿರಲಿ. ನಮ್ಮ ಹಾಲ್‌ಗೆ ಬಂದವರೆಲ್ಲರೂ ಮೊದಲು ನೋಡುವುದು ಕಪಾಟಿನ ಮೇಲಿರುವ ಒಂದು ಹಳೆಯ ಗಡಿಯಾರವನ್ನು. ಅದರ ಗಾಜಿನಲ್ಲಿ ಬಿರುಕಿದೆ, ಅದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಂತುಹೋಗಿದೆ. ಕೀಲಿ ಕೊಡುವ ಜಾಗದಲ್ಲಿ ಹಿತ್ತಾಳೆ ಸವೆದು, ನನ್ನ ತಾತನ ಹೆಬ್ಬೆರಳು ಕೂರುವಷ್ಟು ತಗ್ಗಾಗಿದೆ. ಅಂಗಡಿಯಿಂದ ತಂದ ಯಾವ ಅಲಂಕಾರದ ಬಗ್ಗೆಯೂ ಇವತ್ತಿನವರೆಗೆ ಯಾರೂ ಒಂದು ಮಾತು ಕೇಳಿಲ್ಲ.

ಚಿತ್ರಗಳನ್ನು ಬಹಳ ಮೇಲೆ ತೂಗುಹಾಕುವುದು ಎಲ್ಲ ಮನೆಗಳ ಚಾಳಿ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಅಂಗುಲ ಎತ್ತರದಲ್ಲಿರಬೇಕು. ಸೋಫಾದ ಮೇಲಿನದಾದರೆ ಅದರ ಬೆನ್ನಿನಿಂದ 6ರಿಂದ 8 ಅಂಗುಲ ಬಿಟ್ಟರೆ ಸಾಕು. ಮಗಳು ಬಿಡಿಸಿದ ಚಿತ್ರವೊಂದಕ್ಕೆ ಒಳ್ಳೆಯ ಚೌಕಟ್ಟು ಹಾಕಿಸಿ ನೋಡಿ.

ಗಿಡಗಳ ಬಗ್ಗೆ ಯಾರೂ ಹೇಳಲಿಲ್ಲ. ಒಂದೆರಡು ಗಿಡ ಇರಲಿ, ಆದರೆ ಗಾಳಿ ಶುದ್ಧವಾಗುತ್ತದೆಂಬ ಆಸೆಯಿಂದ ಬೇಡ. ಆ ನಂಬಿಕೆಗೆ ಮೂಲ 1989ರಲ್ಲಿ ನಾಸಾ ಪ್ರಕಟಿಸಿದ ಅಧ್ಯಯನ; ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳೊಳಗೆ. 2019ರಲ್ಲಿ ಅಂತಹ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದ ಸಂಶೋಧಕರಿಗೆ ಕಂಡದ್ದು, ಕಿಟಕಿ ಬಾಗಿಲುಗಳ ಮೂಲಕ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ ಹತ್ತರಿಂದ ಸಾವಿರ ಗಿಡಗಳು ಬೇಕು ಎಂದು. ಹಸಿರು ಕಂಡರೆ ಮನಸ್ಸಿಗೆ ಹಿತ, ಅದೇ ಸಾಕಷ್ಟು ಕಾರಣ. ಮನಿ ಪ್ಲಾಂಟ್ ಕಡಿಮೆ ಬೆಳಕಿನಲ್ಲೂ ಬದುಕುತ್ತದೆ, ಆದರೆ ಅದರ ಎಲೆಯನ್ನು ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ನಾಲ್ಕು ವರ್ಷದ ಮಗುವಿನ ಕೈಗೆ ಎಟುಕದಂತೆ ಇಡಿ. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ. ಮನೆಯೊಳಗಿನ ಗಿಡಗಳು ಬಾಯಾರಿಕೆಗಿಂತ ಹೆಚ್ಚಾಗಿ ನಮ್ಮ ಅಕ್ಕರೆಯಿಂದಲೇ ಸಾಯುತ್ತವೆ.

ಬಾಡಿಗೆಮನೆ (ಮೂರು ವಾರಗಳ ನಂತರ)

ಮೂವರಿಗೂ ಧನ್ಯವಾದಗಳು. ಮಾಡಿದ್ದನ್ನೂ ಮಾಡದೆ ಉಳಿದದ್ದನ್ನೂ ತಿಳಿಸುತ್ತೇನೆ. ಮೊದಲ ದಿನವೇ ಮೇಜುದೀಪವನ್ನು ಸ್ಟೂಲಿನ ಮೇಲಿಟ್ಟು ನೋಡಿದೆವು. ನನ್ನ ಪತಿ ಕರೆಂಟ್ ಹೋಗಿದೆಯೇ ಎಂದು ಕೇಳಿದರು. ಆದರೆ ಯಾರೂ ಎದ್ದುಹೋಗಲಿಲ್ಲ. ಈಗ 2700ರ ಎರಡು ದೀಪಗಳಿವೆ, ಒಂದು ಸೋಫಾದ ಮೂಲೆಗೆ, ಇನ್ನೊಂದು ಕಿಟಕಿಯ ಬಳಿ ಮಾವನವರ ಕುರ್ಚಿಯ ಹಿಂದೆ. ಕುರ್ಚಿ ಸರಿಸಿದ್ದನ್ನು ಮಾವನವರು ಮೊದಲು ಒಪ್ಪಲಿಲ್ಲ, ಟಿವಿ ಓರೆಯಾಗಿ ಕಾಣುತ್ತದೆ ಎಂದರು. ನಾಲ್ಕನೇ ದಿನ ನೋಡಿದರೆ ಕುರ್ಚಿಯನ್ನು ತಾವೇ ಇನ್ನಷ್ಟು ಕಿಟಕಿಯ ಕಡೆಗೆ ತಿರುಗಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಪುಸ್ತಕವನ್ನು ಎದೆಯ ಮೇಲೆ ಬೋರಲಾಗಿಸಿಕೊಂಡು ನಿದ್ದೆ ಹೋಗಿದ್ದರು. ಮಗಳು ಅವರ ಕಾಲಿನ ಬಳಿ, ದೀಪದ ಬೆಳಕು ನೆಲದ ಮೇಲೆ ಬೀಳುವ ದುಂಡನೆಯ ಜಾಗದೊಳಗೇ ತನ್ನ ಮರದ ತುಂಡುಗಳನ್ನೆಲ್ಲ ಜೋಡಿಸಿದ್ದಳು. ಒಂದು ತುಂಡು ಹೊರಗೆ ಉರುಳಿದರೆ ಹೋಗಿ ಒಳಗೆ ತರುತ್ತಿದ್ದಳು.

ಪತ್ರಿಕೆ ಹರಡಿ ನೋಡಿದ್ದು ಒಳ್ಳೆಯದಾಯಿತು. 6ಕ್ಕೆ 9ರ ನೆಲಹಾಸು ಬಾಗಿಲಿಗೆ ತಾಗುತ್ತಿತ್ತು, ಆದ್ದರಿಂದ 5ಕ್ಕೆ 8ರದ್ದನ್ನು ತಂದೆವು. ಚಪ್ಪಾಳೆ ಈಗ ಮೊಳಗುವುದಿಲ್ಲ. ಪರದೆಯ ಸಲಾಕೆಗೆ ಮಾಲೀಕರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಚಿಟ್ಟೆಗಳನ್ನು ತೆಗೆದೆವು, ಒಂದನ್ನು ಮಾತ್ರ ಮಗಳು ಬಿಟ್ಟುಕೊಡಲಿಲ್ಲ.

ಈಗ ಎರಡು ತೊಂದರೆಗಳು ಉಳಿದಿವೆ. ಕಿಟಕಿಯ ಬಳಿ ಪ್ಲಗ್ ಪಾಯಿಂಟ್ ಇಲ್ಲದ ಕಾರಣ ದೀಪದ ವೈರು ನಡೆಯುವ ದಾರಿಗೆ ಅಡ್ಡವಾಗಿ ಬರುತ್ತದೆ. ಮಗಳ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಅಂಟುಕೊಕ್ಕೆಗೆ ತೂಗುಹಾಕಿದರೆ ಎರಡನೇ ರಾತ್ರಿ ಬಿದ್ದುಹೋಯಿತು.

ಅಳತೆಪಟ್ಟಿ

ವೈರನ್ನು ನೆಲಹಾಸಿನ ಅಡಿಯಲ್ಲಿ ಖಂಡಿತ ಹಾಯಿಸಬೇಡಿ. ತುಳಿತಕ್ಕೆ ಒಳಗಿನ ತಂತಿ ಸವೆಯುತ್ತದೆ, ಬಿಸಿಯಾದರೂ ಮೇಲೆ ಕಾಣುವುದಿಲ್ಲ. ಉದ್ದನೆಯ ಎಕ್ಸ್‌ಟೆನ್ಷನ್ ವೈರನ್ನು ಗೋಡೆಯ ಬುಡದ ಪಟ್ಟಿಯ ಗುಂಟ ಅಂಟುಕ್ಲಿಪ್ಪುಗಳಿಂದ ಹಿಡಿಸಿಕೊಂಡು, ಕೋಣೆಯನ್ನು ಬಳಸಿ ತನ್ನಿ. ದಾರಿ ಉದ್ದವಾದರೂ ಮಾವನವರ ಕಾಲಿಗೆ ತೊಡರುವುದಿಲ್ಲ. ಅದೂ ಆಗದಿದ್ದರೆ ಚಾರ್ಜ್ ಮಾಡಿ ಬಳಸುವ ಓದುದೀಪ ತನ್ನಿ.

ಕೊಕ್ಕೆ ಬಿದ್ದದ್ದಕ್ಕೆ ಹೆಚ್ಚಾಗಿ ಗೋಡೆಯ ಧೂಳೇ ಕಾರಣ. ಅಂಟಿಸುವ ಜಾಗವನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ, ಕೊಕ್ಕೆಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಒಂದು ಗಂಟೆ ಕಾದು ನಂತರ ಭಾರ ಹಾಕಿ. ಚೌಕಟ್ಟಿನ ಗಾಜನ್ನು ತೆಗೆದರೆ ತೂಕ ಅರ್ಧಕ್ಕೆ ಇಳಿಯಬಹುದು, ಬಿದ್ದರೂ ಮಗುವಿಗೆ ಅಪಾಯವಿಲ್ಲ. ಗೋಡೆ ತರಿತರಿಯಾಗಿದ್ದರೆ ಅಥವಾ ಕೈಗೆ ಸುಣ್ಣದ ಪುಡಿ ಹತ್ತುತ್ತಿದ್ದರೆ ಯಾವ ಅಂಟೂ ನಿಲ್ಲುವುದಿಲ್ಲ. ಆಗ ಚಿತ್ರವನ್ನು ಕಪಾಟಿನ ಮೇಲೆ ಗೋಡೆಗೆ ಒರಗಿಸಿಡಿ. ಮನೆ ಬಿಡುವಾಗ ಕೊಕ್ಕೆಯ ಪಟ್ಟಿಯನ್ನು ಹೊರಕ್ಕೆ ಎಳೆಯದೆ, ಗೋಡೆಗೆ ಒತ್ತಿಕೊಂಡಂತೆಯೇ ಕೆಳಕ್ಕೆ ನಿಧಾನವಾಗಿ ಎಳೆದು ತೆಗೆಯಿರಿ. ನಾನು ಮೊದಲ ಸಲ ಹೊರಕ್ಕೆ ಎಳೆದು ಅಂಗೈಯಗಲದ ಬಣ್ಣವನ್ನು ಅದರ ಜೊತೆಗೇ ಕಿತ್ತುಕೊಂಡೆ.