ಅಡಗಿಸಿದ ಕತ್ತಿಯನ್ನು ‘ಹಿರಿ’ಯಬಹುದೇ? – ಒಂದು ಕ್ರಿಯಾಪದದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಒಂದು ಆಟದ ನಿಯಮಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅರ್ಧ ಪುಟದ ಒಂದು ನಿಯಮದಲ್ಲಿ ಹದಿನೈದು ದಿನದಿಂದ ಸಿಕ್ಕಿಬಿದ್ದಿದ್ದೇನೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಭಾನುವಾರ ಊಟ ಆದ ಮೇಲೆ ಜಗಲಿಯಲ್ಲಿ ಆರು ಜನ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಇದು. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ಹಿಡಿದು ‘ನಾನು ಹೀಗೆ ಮಾಡುತ್ತೇನೆ’ ಅನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಅಂತ 20 ಮುಖದ ದಾಳ ಹೇಳುತ್ತದೆ. ತಾಳಮದ್ದಳೆಗೆ ದಾಳ ಸೇರಿಸಿದ ಹಾಗೆ ಅಂತ ನಮ್ಮ ಭಾವ ಹೇಳುತ್ತಾರೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಿರುವಾಗ ಅವರು ಇನ್ನೇನು ಹೇಳಿಯಾರು!

ನಮ್ಮ ಹತ್ತಿರ ಇರುವುದು 2003ರ ಮೂರೂವರೆ ಆವೃತ್ತಿ. ಅದರಲ್ಲಿ ಹೊಡೆದಾಟದ ಒಂದು ಸುತ್ತು ಅಂದರೆ 6 ಸೆಕೆಂಡು. ಅಷ್ಟರೊಳಗೆ ಒಬ್ಬನಿಗೆ ಸಾಮಾನ್ಯವಾಗಿ ಒಂದು ದೊಡ್ಡ ಕೆಲಸ, ಒಂದು ಸಣ್ಣ ಕೆಲಸ ಸಿಗುತ್ತದೆ. ಹೊಡೆಯುವುದು ದೊಡ್ಡದು, ನಡೆಯುವುದು ಸಣ್ಣದು. ಸೊಂಟದ ಒರೆಯಲ್ಲಿರುವ ಕತ್ತಿ ಕೈಗೆ ಬರಲು ಸಣ್ಣ ಕೆಲಸ ಸಾಕು. ಬಟ್ಟೆಯೊಳಗೆ ಅಡಗಿಸಿದ ಬಾಕು ಬರಬೇಕಾದರೆ ದೊಡ್ಡ ಕೆಲಸವೇ ಖರ್ಚಾಗುತ್ತದೆ. ಅಂದರೆ ಆ ಸುತ್ತಿನಲ್ಲಿ ತೆಗೆದದ್ದೇ ಬಂತು, ಇರಿಯುವುದು ಮುಂದಿನ ಸುತ್ತಿಗೆ. ‘ಕ್ವಿಕ್ ಡ್ರಾ’ ಎಂಬ ಪಳಗಿಕೆ ಇದ್ದವನಿಗೆ ಎರಡೂ ಒಂದೊಂದು ಮೆಟ್ಟಿಲು ಅಗ್ಗ: ಒರೆಯ ಕತ್ತಿ ಧರ್ಮಕ್ಕೆ, ಅಡಗಿಸಿದ್ದು ಸಣ್ಣ ಕೆಲಸಕ್ಕೆ. (‘ಧರ್ಮಕ್ಕೆ’ ಅಂದರೆ ನಮ್ಮ ಕಡೆ ಪುಕ್ಕಟೆ ಅಂತ. ಘಟ್ಟದ ಮೇಲಿನವರು ದಾನಧರ್ಮ ಅಂದುಕೊಂಡಾರು ಅಂತ ಬರೆಯುವಾಗ ‘ಬಿಟ್ಟಿ’ ಮಾಡಿದ್ದೇನೆ.)

ಇಂಗ್ಲಿಷಿನಲ್ಲಿ ಎರಡಕ್ಕೂ ‘ಡ್ರಾ’ ಒಂದೇ. ಕನ್ನಡದಲ್ಲಿ ಏನು ಹಾಕುವುದು?

ಮೊದಲು ಸುಮ್ನೆ ‘ತೆಗೆ’ ಅಂತ ಹಾಕಿದೆ. ಅದೇ ವಾರ ಎಡವಟ್ಟಾಯಿತು. ಕತೆ ಒಂದು ಸಂತೆಯಲ್ಲಿ ನಡೆಯುತ್ತಿತ್ತು. ಅಳಿಯ, “ನಾನು ಕತ್ತಿ ತೆಗೀತೇನೆ” ಅಂದ. ಕತೆ ನಡೆಸುವವನು, “ಎಷ್ಟು ಕೊಡ್ತಿ?” ಅಂತ ಕೇಳಿದ. ಬಟ್ಟೆ ತೆಗೆಯುವುದು, ಜಾಗ ತೆಗೆಯುವುದು ಅಂದರೆ ಕೊಳ್ಳುವುದೇ ಅಲ್ವಾ? ಹುಡುಗ ಇರಿಯಲು ಹೊರಟಿದ್ದ, ಇವನು ವ್ಯಾಪಾರಕ್ಕೆ ಕೂತ. ಅದೂ ಅಲ್ಲದೆ ‘ಕತ್ತಿ ತೆಗೆ’ ಅಂದರೆ ಅದನ್ನು ಅಲ್ಲಿಂದ ಆಚೆ ಇಡು ಅಂತಲೂ ಆಗುತ್ತದೆ.

ಒರೆಯಲ್ಲಿರುವ ಕತ್ತಿಗೆ ‘ಹಿರಿ’ ಸರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ‘ಒರೆಯಿಂದ ಕತ್ತಿ ಹಿರಿದ’ ಅಂದರೆ ಯಾರಿಗೂ ಗೊತ್ತಾಗುತ್ತದೆ. ‘ಸೆಳೆ’ಯೂ ನಡೆಯುತ್ತದೆ, ಆದರೆ ಅದರಲ್ಲಿ ಬೇರೆಯವನ ಕೈಯಿಂದ ಕಸಿದುಕೊಂಡ ಛಾಯೆ ಇದೆ. ಈ ಆಟದಲ್ಲಿ ಕಸಿಯುವುದಕ್ಕೆ ಬೇರೆ ನಿಯಮವೇ ಇರುವುದರಿಂದ ಗೊಂದಲ ಬೇಡ. ಭಾವ ಹಳೆಯ ಕಾವ್ಯದ ‘ಉಗಿ’ ಹಾಕು ಅಂದರು. ಎಳೆ, ಹೊರಗೆ ಸೆಳೆ ಅಂತ ಅರ್ಥ ಇರುವುದು ನಿಜ. ಆದರೆ ‘ಅವನು ಕತ್ತಿ ಉಗಿದನು’ ಅಂತ ಓದಿದರೆ ಮಕ್ಕಳು ಸರ್ಕಸ್ಸಿನಲ್ಲಿ ಕತ್ತಿ ನುಂಗುವವನನ್ನು ನೆನೆಸಿಕೊಳ್ಳುತ್ತಾರೆ.

ಅಡಗಿಸಿದ್ದಕ್ಕೆ ‘ಹಿರಿ’ ನನಗೆ ಒಗ್ಗುವುದಿಲ್ಲ. ಹಿರಿಯಬೇಕಾದರೆ ಒರೆ ಬೇಕು, ಹಿಡಿ ಕೈಗೆ ಸಿಗುವಂತಿರಬೇಕು, ಒಂದೇ ಎಳೆತಕ್ಕೆ ಬರಬೇಕು. ತೋಳಿನೊಳಗೆ, ಪಂಚೆಯ ಮಡಿಕೆಯಲ್ಲಿ, ಮುಂಡಾಸಿನಲ್ಲಿ ಇರುವುದನ್ನು ಹಾಗೆ ಹಿರಿಯಲಾಗುವುದಿಲ್ಲ. ಮೊದಲು ಬಟ್ಟೆ ಸರಿಸಬೇಕು. ಅದಕ್ಕೇ ಅಲ್ವಾ ನಿಯಮದಲ್ಲೂ ಬೆಲೆ ಜಾಸ್ತಿ ಇಟ್ಟಿರುವುದು? ಬೆಲೆ ಬೇರೆ ಅಂದ ಮೇಲೆ ಕ್ರಿಯಾಪದವೂ ಬೇರೆ ಇದ್ದರೆ ಆಡುವವನಿಗೆ ಪುಸ್ತಕ ನೋಡದೆಯೇ ನೆನಪಿರುತ್ತದೆ. 1659ರಲ್ಲಿ ಪ್ರತಾಪಗಡದಲ್ಲಿ ಅಫ್ಜಲಖಾನನನ್ನು ಕೊಲ್ಲುವಾಗ ಶಿವಾಜಿಯ ಕೈಯಲ್ಲಿತ್ತು ಅನ್ನುವ ವಾಘನಖವನ್ನೇ ನೋಡಿ. ಅದು ಅಂಗೈಯೊಳಗೆ ಮಡಚಿಕೊಳ್ಳುವ ಉಗುರು. ಅದಕ್ಕೆ ಒರೆಯೂ ಇಲ್ಲ, ಹಿರಿಯುವುದೂ ಇಲ್ಲ. ಮುಷ್ಟಿ ಬಿಚ್ಚಿದರೆ ಆಯಿತು.

ಆ ‘ಬಿಚ್ಚು’ವಿನ ಮೇಲೆ ಈಗ ನನ್ನ ಕಣ್ಣು. ಚಿತ್ರದುರ್ಗದ ಪಾಳೆಯಗಾರ ಬಿಚ್ಚುಗತ್ತಿ ಭರಮಣ್ಣ ನಾಯಕನ ಹೆಸರು ಎಲ್ಲರಿಗೂ ಗೊತ್ತು. ಬಿಚ್ಚು, ಕತ್ತಿ ಸೇರಿ ಬಿಚ್ಚುಗತ್ತಿ. ಅದೇ ಅಚ್ಚಿನಲ್ಲಿ ಅಡಗಿಸಿದ್ದನ್ನು ‘ಮುಚ್ಚುಗತ್ತಿ’ ಅನ್ನಬಹುದಲ್ಲ? ಮುಚ್ಚುಗತ್ತಿಯನ್ನು ಬಿಚ್ಚುವುದಕ್ಕೆ ದೊಡ್ಡ ಕೆಲಸ. ಓದಲೂ ಚೆನ್ನಾಗಿದೆ. ಆಡುವವರಲ್ಲಿ ಮಲಯಾಳಂ ಮನೆಮಾತಿನವನೊಬ್ಬ ಇದ್ದಾನೆ. ಅವನು, “ನಮ್ಮಲ್ಲಿ ವಾಳ್ ಊರುವುದು, ಶರ್ಟೂ ಊರುವುದು” ಅಂದ. ಕತ್ತಿ ಒರೆಯಿಂದ ಬರುವುದಕ್ಕೂ ಅಂಗಿ ಮೈಯಿಂದ ಬರುವುದಕ್ಕೂ ಅವರಿಗೆ ಒಂದೇ ಮಾತು. ಅಂಗಿ ಬಿಚ್ಚು, ಕತ್ತಿ ಬಿಚ್ಚು ಅಂದರೆ ನಮ್ಮದೂ ಅದೇ ದಾರಿ ಆಯಿತು.

ಒಂದು ತೊಡಕಿದೆ. ಬಿಚ್ಚುಗತ್ತಿ ಅಂದರೆ ಒರೆಯಿಂದ ಹೊರಬಂದ ಕತ್ತಿ. ಅಲ್ಲಿ ಅಡಗಿಸಿದ ಮಾತೇ ಇಲ್ಲ. ಆ ಹಳೆಯ ಅರ್ಥವನ್ನು ಬದಿಗಿಟ್ಟು ‘ಬಿಚ್ಚು’ವನ್ನು ಅಡಗಿಸಿದ್ದಕ್ಕೆ ಮಾತ್ರ ಮೀಸಲಿಡುವುದು ನ್ಯಾಯವೇ? ನಿಯಮದ ಪುಸ್ತಕಕ್ಕೆ ಅಷ್ಟು ಸಲಿಗೆ ಇದೆ ಅಂತ ನನ್ನ ಎಣಿಕೆ. ಬಲ್ಲವರು ಬೈದರೂ ಸರಿ, ಹೇಳಿ.

ಇನ್ನು ‘ಅಡಗಿಸು’ ಅನ್ನುವುದರ ಬಗ್ಗೆಯೂ ಒಂದು ಮಾತು. ‘ಬಚ್ಚಿಡು’ ಅಂದರೆ ಎಲ್ಲೋ ಒಂದು ಕಡೆ ಇಟ್ಟು ಬಂದ ಹಾಗೆ ಕೇಳುತ್ತದೆ, ಅಟ್ಟದಲ್ಲಿ, ಅಕ್ಕಿ ಡಬ್ಬದಲ್ಲಿ. ಇಲ್ಲಿ ಬೇಕಾದದ್ದು ಮೈಮೇಲೆಯೇ ಇದ್ದು ಕಾಣದಿರುವುದು. ನಮ್ಮ ಮನೆಮಾತಿನಲ್ಲಿ ‘ಹುಗ್ಗಿಸು’ ಇದೆ. ನನಗೆ ಅದೇ ಇಷ್ಟ, ಆದರೆ ಬೀದರಿನವರಿಗೆ ಹುಗ್ಗಿ ನೆನಪಾದರೆ ಕಷ್ಟ. ಸದ್ಯಕ್ಕೆ ‘ಅಡಗಿಸು’ ಇಟ್ಟಿದ್ದೇನೆ. ಹೀಗೆ ಅಡಗಿಸುವ ಜಾಣ್ಮೆಗೆ ಪುಸ್ತಕದಲ್ಲಿರುವ ಹೆಸರು ‘ಸ್ಲೈಟ್ ಆಫ್ ಹ್ಯಾಂಡ್’. ಅದಕ್ಕೆ ‘ಕೈಚಳಕ’ ತಕ್ಷಣ ಸಿಕ್ಕಿತು. ಬಾಕು ಆದರೆ ಕೈಚಳಕಕ್ಕೆ ಹಾಕಿದ ದಾಳದ ಎಣಿಕೆಗೆ 2 ಹೆಚ್ಚು, ಉಡುಪು ದೊಗಳೆಯಾಗಿದ್ದರೆ ಇನ್ನೂ 2. ಮೈ ತಡಕಿ ನೋಡುವವನ ಹುಡುಕಾಟಕ್ಕೆ 4. ಇದರಲ್ಲಿ ಯಾರಿಗೂ ತಕರಾರಿಲ್ಲ.

ಅಡಗಿಸಿದ ಆಯುಧ ಹೊರಗೆ ಬರುವಾಗ ಎದುರಾಳಿಗೆ ನಡುವೆ ಹೊಡೆಯುವ ಅವಕಾಶ ಹುಟ್ಟುವುದಿಲ್ಲ ಅಂತ ಇನ್ನೊಂದು ಸಾಲಿದೆ. ಇಂಗ್ಲಿಷಿನಲ್ಲಿ ಅಲ್ಲಿರುವ ಮಾತನ್ನು ಹಾಗೇ ತಂದು ‘ಕೆರಳಿಸುವುದಿಲ್ಲ’ ಅಂತ ಮಾಡಿದ್ದೆ. ಯಾರನ್ನು ಕೆರಳಿಸುವುದು ಅಂತ ಕೇಳಿದರು. ಈಗ ‘ಎಡೆ ಕೊಡುವುದಿಲ್ಲ’ ಅಂತ ತಿದ್ದಿದ್ದೇನೆ.

ಕೊನೆಗೆ ಆಯುಧದ ಹೆಸರು. ಇಲ್ಲಿ ಬರೀ ‘ಕತ್ತಿ’ ಅಂದರೆ ತೆಂಗಿನಕಾಯಿ ಕೆತ್ತುವುದೇ ಕಣ್ಣಿಗೆ ಬರುತ್ತದೆ, ಯೋಧನ ಕತ್ತಿ ಅಲ್ಲ. ಅಡಿಕೆ ತೋಟಕ್ಕೆ ಹೋಗುವವರ ಸೊಂಟದಲ್ಲಿ ಇರುವ ಸಣ್ಣದು ಪೀಶಕತ್ತಿ. ತುಳುವಿನ ಬೀಸತ್ತಿ, ಮಲಯಾಳದ ಪಿಚ್ಚಾತ್ತಿ, ಕೊಡವರ ಪೀಚೆಕತ್ತಿ ಎಲ್ಲ ಅದರ ಅಕ್ಕತಂಗಿಯರಂತೆ ಕಾಣುತ್ತವೆ. ಬಾಕು ಅನ್ನುವ ಕಡೆಯೆಲ್ಲ ಪೀಶಕತ್ತಿ ಹಾಕಿದರೆ ಬಳ್ಳಾರಿಯ ಓದುಗನಿಗೆ ತಿಳಿದೀತೇ? ಊರುಗೋಲಿನೊಳಗೆ ಅಲಗು ಇಟ್ಟುಕೊಳ್ಳುವ ಗುಪ್ತಿಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಅದರ ವಿಚಾರದಲ್ಲಿ ನಮ್ಮಲ್ಲಿ ಜಗಳ ಮುಗಿದಿಲ್ಲ: ಕೋಲು ಎಲ್ಲರಿಗೂ ಕಾಣುತ್ತದೆ, ಅಲಗು ಕಾಣುವುದಿಲ್ಲ. ಅದನ್ನು ಹಿರಿಯುವುದೋ, ಬಿಚ್ಚುವುದೋ?