ನಮ್ಮ ಕಡೆಯವರು ಯಾರೂ ಹಡಗು ಹತ್ತಿಲ್ವಾ?

ಪಿನಾಕಿನಿ_ದಂಡೆ (ಗೌರಿಬಿದನೂರು):

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಯಲ್ಲಿ ನಮ್ಮ ಬೀದಿ ಮಕ್ಕಳನ್ನು ಸಂಜೆ ಜಗಲಿ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತೇನೆ. ಈ ಸಲ ಹಡಗು, ದೋಣಿ ಅಂತ ಶುರು ಮಾಡಿದೆ. ಸಿಂದಬಾದ್ ಮುಗಿಯಿತು, ಟೈಟಾನಿಕ್ ಮುಗಿಯಿತು. 1947ರಲ್ಲಿ ಬಾಲ್ಸಾ ಮರದ ತೆಪ್ಪ ಕಟ್ಟಿಕೊಂಡು ಪೆರು ದೇಶದಿಂದ ಹೊರಟು, 101 ದಿನ ತೇಲಿ ಪಾಲಿನೇಷ್ಯಾ ಮುಟ್ಟಿದ ಕಾನ್-ಟಿಕಿಯವರ ಕಥೆಯೂ ಆಯಿತು. ಅದು ಮುಗಿದ ಮೇಲೆ ಆರನೇ ಕ್ಲಾಸಿನ ಹುಡುಗಿ ಒಬ್ಬಳು ಕೇಳಿದಳು, "ಅಂಕಲ್, ನಮ್ಮ ಕಡೆಯವರು ಯಾರೂ ಹಡಗು ಹತ್ತಿಲ್ವಾ?"

ನನ್ನ ಬಾಯಿ ಕಟ್ಟಿಹೋಯಿತು. ನಮ್ಮೂರಲ್ಲಿ ಹೆಸರಿಗೆ ಉತ್ತರ ಪಿನಾಕಿನಿ ಇದೆ, ನೆಲ್ಲೂರಿನ ಹತ್ತಿರ ಹೋಗಿ ಸಮುದ್ರ ಸೇರುವ ನದಿ, ಆದರೆ ನಾನು ಅದರಲ್ಲಿ ನೀರಿಗಿಂತ ಮರಳನ್ನೇ ಜಾಸ್ತಿ ನೋಡಿದವನು. ಟೈಟಾನಿಕ್ ಮುಳುಗೋದನ್ನು ಟಾಕೀಸಿನಲ್ಲಿ ನೋಡಿ ಆರು ವರ್ಷ ಆದ ಮೇಲೆ ನಿಜವಾದ ಸಮುದ್ರ ನೋಡಿದೆ.

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಗೆ ಹೇಗಾದರೂ ನಂಟಿರುವ ಹಡಗಿನ ಕಥೆ ಇದ್ದರೆ ಹೇಳಿ. ಕಾದಂಬರಿ, ಸಿನಿಮಾ ಆದರೂ ಸರಿ. ಗೂಗಲ್ ಮಾಡಿ ಅಂತ ಮಾತ್ರ ಅನ್ನಬೇಡಿ.

ಬಂಗಾರಪೇಟೆ_ಲೋಕಲ್:

ಬೂದಿಕೋಟೆ ಮರೆತುಬಿಟ್ರಾ ಸಾರ್? ನಮ್ಮ ತಾಲ್ಲೂಕಿನದೇ ಊರು, ಹೈದರಾಲಿ ಹುಟ್ಟಿದ ಜಾಗ. ಅಲ್ಲಿಂದ ಯಾವ ದಿಕ್ಕಿಗೆ ನಡೆದರೂ ಸಮುದ್ರ ಸಿಗೋಕೆ ದಿನಗಟ್ಟಲೆ ಬೇಕು. ಅಂಥ ಊರಲ್ಲಿ ಹುಟ್ಟಿದವನು ನೌಕಾಪಡೆ ಕಟ್ಟಿದ. 1763ರಲ್ಲಿ ಮಲೆನಾಡಿನ ಬಿದನೂರು (ನಿಮ್ಮ ಗೌರಿಬಿದನೂರು ಅಲ್ಲ) ಕೈಗೆ ಬಂದಾಗ ಅದರ ಜೊತೆ ಮಂಗಳೂರು, ಹೊನ್ನಾವರದ ಬಂದರುಗಳೂ ಬಂದವು. ಹಡಗಿನ ಉಸ್ತುವಾರಿಗೆ ಕಣ್ಣೂರಿನ ಅಲಿ ರಾಜನ ಮನೆತನವನ್ನು ಹಿಡಿದ, ಯಾಕಂದ್ರೆ ಕಡಲಿನ ಕೆಲಸ ಬಯಲುಸೀಮೆಯವರಿಗೆ ಎಲ್ಲಿ ಗೊತ್ತು. ಆದರೆ ಪಡೆ ಬಹಳ ದಿನ ಬಾಳಲಿಲ್ಲ. 1768ರಲ್ಲಿ ಬ್ರಿಟಿಷರು ಮಂಗಳೂರಿಗೆ ಬಂದಾಗ ಒಂದಷ್ಟು ಹಡಗು ಹೋಯಿತು, 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿಗೇ ಬಂದು ಉಳಿದವನ್ನು ಹಾಳು ಮಾಡಿದ. ಆಮೇಲೆ ಟಿಪ್ಪು 1796ರಲ್ಲಿ 40 ಹಡಗು ಕಟ್ಟಿ ಅಂತ ಹುಕುಂ ಹೊರಡಿಸಿದ, ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು.

ಮಕ್ಕಳಿಗೆ ಇದನ್ನು ಹೇಳಿ, ಖುಷಿಯಾಗುತ್ತಾರೆ.

ತಗಾದೆ_ತಿಮ್ಮ (ಚಿಕ್ಕಬಳ್ಳಾಪುರ):

ಲೋಕಲ್ ಅವರೇ, ಮಗು ಕೇಳಿದ್ದು ಹಡಗು ಹತ್ತಿದವರನ್ನು. ನೀವು ಹೇಳಿದ್ದು ಹಡಗು ಕಟ್ಟಿಸಿದವರನ್ನು. ನಮ್ಮ ಕಡೆ ಯಾವಾಗಲೂ ಇದೇ ಕಥೆ, ಒಬ್ಬ ದೊಡ್ಡ ಮನುಷ್ಯನ ಹುಟ್ಟೂರು ತೋರಿಸಿದರೆ ಕೆಲಸ ಮುಗೀತು.

ಹತ್ತಿದವರು ಬೇಕಾದರೆ ಮುದ್ದೇನಹಳ್ಳಿಗೆ ಬನ್ನಿ. ಹೌದು, ಇದೂ ಹುಟ್ಟೂರೇ, ಗೊತ್ತು! ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದರು. ವಿಮಾನವೇ ಇಲ್ಲದ ಕಾಲ, ಹಡಗೇ ಗತಿ. ಸಮುದ್ರ ದಾಟಿದವನ ಜಾತಿ ಕೆಡುತ್ತದೆ ಅನ್ನುವ ಮಾತು ಇನ್ನೂ ಜೋರಾಗಿದ್ದ ಕಾಲವೂ ಹೌದು. 1906ರಲ್ಲಿ ಯೆಮೆನ್ ಕಡೆಯ ಏಡನ್ ಬಂದರಿಗೆ ಹೋದರು, ಆ ಊರಿನ ಕುಡಿಯುವ ನೀರು, ಚರಂಡಿ ಯೋಜನೆ ಮಾಡೋಕೆ. ಸುತ್ತ ಸಮುದ್ರ, ಕುಡಿಯೋಕೆ ನೀರಿಲ್ಲ. ಅದನ್ನು ನೋಡೋಕೆ ನಮ್ಮ ಬರದ ಸೀಮೆಯವರೇ ಹೋಗಬೇಕಾಯಿತು ನೋಡಿ.

ಇನ್ನು ಸಾಮಾನ್ಯ ಜನ ಹತ್ತಿದ ಕಥೆ ಬೇಕಾ, ಅದು ಟಿಪ್ಪುವಿನ ಕಾಲದ್ದೇ ಇದೆ, ಆದರೆ ನಗು ಬರುವ ಕಥೆಯಲ್ಲ. 1786ರ ಮಾರ್ಚಿನಲ್ಲಿ ಗೋಕರ್ಣದ ಹತ್ತಿರದ ತದಡಿ ಬಂದರಿನಿಂದ ನಾಲ್ಕು ಹಡಗು ಹೊರಟವು, ಮಸ್ಕತ್, ಬಸ್ರಾ ಮೇಲೆ ಕಾನ್‌ಸ್ಟಾಂಟಿನೋಪಲ್‌ಗೆ, ತುರ್ಕಿಯ ಸುಲ್ತಾನನನ್ನು ಕಾಣೋಕೆ. ಸುಮಾರು 900 ಜನ. ರಾಯಭಾರಿಗಳು ಅಂದರೆ ಬೆರಳೆಣಿಕೆ, ಉಳಿದವರೆಲ್ಲ ಸಿಪಾಯಿಗಳು, ಅಡುಗೆಯವರು, ಗುಡಿಸುವವರು, ಗಂಟು ಹೊರುವವರು. ಆನೆಗಳನ್ನೂ ಹತ್ತಿಸಿದ್ದರು, ಅವು ದಾರಿಯಲ್ಲೇ ಸತ್ತವು. ಹಡಗುಗಳೂ ಒಂದೊಂದಾಗಿ ಹಾಳಾದವು, ಜನ ರೋಗ ಬಂದು ಸತ್ತರು, ತಿರುಗಿ ಮನೆ ಮುಟ್ಟಿದವರು ತೀರಾ ಕಡಿಮೆ. ಜೊತೆಗಿದ್ದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ದಿನಚರಿ ಬರೆದಿಟ್ಟಿದ್ದರಿಂದ ನಮಗೆ ಇಷ್ಟು ಗೊತ್ತು. ಅದು ಇರೋದು ಪಾರ್ಸಿಯಲ್ಲಿ. ಕನ್ನಡ ನಾಡಿನ ಬಂದರಿನಿಂದ ಹೊರಟ ಇಷ್ಟು ದೊಡ್ಡ ಯಾನ, ಇದರ ಮೇಲೆ ನಾವೊಂದು ಸಿನಿಮಾ ಮಾಡಿಲ್ಲ. ನನಗೆ ಇದು ಹೊಟ್ಟೆ ಉರಿ.

ಹಳೇ_ಮೇಷ್ಟ್ರು (ಮಾಲೂರು):

ಸಿನಿಮಾ ಯಾಕಿಲ್ಲ ಅಂದರೆ ದುಡ್ಡು, ಮತ್ತೇನು. ಟೈಟಾನಿಕ್ ಸಿನಿಮಾಕ್ಕೆ ಮೆಕ್ಸಿಕೋ ಸಮುದ್ರದ ದಡದಲ್ಲಿ ದೊಡ್ಡ ತೊಟ್ಟಿ ಕಟ್ಟಿ ಅದರೊಳಗೆ ಹಡಗು ನಿಲ್ಲಿಸಿದ್ದರು. ನಾವು ಅಷ್ಟು ಹಾಕೋದು ಎಲ್ಲಿಂದ. ಹಾಗಂತ ಪೂರ್ತಿ ಖಾಲಿ ಅಲ್ಲ. 1987ರಲ್ಲಿ ಶಂಕರ್ ನಾಗ್ 'ಒಂದು ಮುತ್ತಿನ ಕಥೆ' ತೆಗೆದರು, ರಾಜ್‌ಕುಮಾರ್ ಅದರಲ್ಲಿ ಮುತ್ತಿಗಾಗಿ ಸಮುದ್ರಕ್ಕೆ ಮುಳುಗುವವರು. ನಮ್ಮೂರಲ್ಲಿ ಜನ ಜಾಸ್ತಿ ದಿನ ನೋಡಲಿಲ್ಲ, ಅಣ್ಣಾವ್ರ ಮೈಮೇಲೆ ಸರಿಯಾದ ಬಟ್ಟೆಯೇ ಇಲ್ಲ ಅಂತ ನಮ್ಮ ಅತ್ತೆ ಗೊಣಗಿದ್ದು ನೆನಪಿದೆ. ನನಗೆ ಮಾತ್ರ ಆ ನೀರಿನೊಳಗಿನ ಭಾಗ ಈಗಲೂ ಇಷ್ಟ.

ಪುಸ್ತಕದ ವಿಷಯಕ್ಕೆ ಬಂದರೆ ನಮ್ಮ ತಾಲ್ಲೂಕಿನ ಮಾಸ್ತಿಯವರನ್ನು ಯಾರೂ ಹೇಳಲಿಲ್ಲವಲ್ಲ! ಚಿಕವೀರ ರಾಜೇಂದ್ರನ ಮೇಲೆ ಅವರು ಕಾದಂಬರಿ ಬರೆದರು. ಆ ಕೊಡಗಿನ ರಾಜ 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಯಲ್ಲಿದ್ದು, 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದವನು. ಬ್ರಿಟಿಷರು ಹಿಡಿದಿಟ್ಟ ಹಣ ವಾಪಸ್ ಪಡೆಯಬೇಕು ಅನ್ನೋದು ಅವನ ಆಸೆ. ಮಗಳಿಗೆ ಅಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ರಾಜ ತಿರುಗಿ ಬರಲೇ ಇಲ್ಲ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ನಿಮ್ಮ ಹುಡುಗಿಗೆ ಈ ಗೌರಮ್ಮನ ಕಥೆ ಹೇಳಿ, ಹಡಗು ಹತ್ತಿದಾಗ ಅವಳಿಗೂ ಹೆಚ್ಚು ಕಮ್ಮಿ ಅದೇ ವಯಸ್ಸು.

ಕವಿತೆ ಬೇಕಿದ್ದರೆ ಗೋಕಾಕರ 'ಸಮುದ್ರ ಗೀತೆಗಳು' ಇದೆ. ಇಂಗ್ಲೆಂಡಿಗೆ ಹೋದ ಹಡಗಿನ ಪ್ರಯಾಣದಿಂದ ಹುಟ್ಟಿದ್ದು. ಮಕ್ಕಳಿಗೆ ಸ್ವಲ್ಪ ಕಷ್ಟ, ನಿಮಗಾಗಿ ಓದಿ.

ಅಮಾನಿಕೆರೆ_ವಾಕರ್ (ತುಮಕೂರು):

ಎಲ್ಲರೂ ಇನ್ನೂರು ಮುನ್ನೂರು ವರ್ಷದ್ದೇ ಹೇಳುತ್ತಿದ್ದೀರಿ. ನಾನು ಇನ್ನೂ ಹಿಂದಕ್ಕೆ ಹೋಗುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಊರಿನ ಹಳೇ ಕಸದ ಗುಡ್ಡೆಗಳಲ್ಲಿ ರಾಶಿ ರಾಶಿ ಪಪೈರಸ್ ಹಾಳೆ ಸಿಕ್ಕವು. ಅದರಲ್ಲೊಂದು ಗ್ರೀಕ್ ಪ್ರಹಸನ, ಸುಮಾರು ಎರಡನೇ ಶತಮಾನದ ಪ್ರತಿ. ಕಥೆ ಏನಂದ್ರೆ, ಕಾರಿಶನ್ ಅನ್ನುವ ಗ್ರೀಕ್ ಹೆಂಗಸು ಇಂಡಿಯಾದ ಕಡಲ ತೀರದ ಒಬ್ಬ ರಾಜನ ಕೈಗೆ ಸಿಕ್ಕಿಬಿದ್ದಿದ್ದಾಳೆ. ಅಣ್ಣ ಹಡಗು ತಂದು, ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ವೈನ್ ಕುಡಿಸಿ, ತಂಗಿಯನ್ನು ಹಡಗಿಗೆ ಹತ್ತಿಸಿಕೊಂಡು ಪರಾರಿ. ಮಧ್ಯೆ ಒಬ್ಬ ಕೋಡಂಗಿ ಇದ್ದಾನೆ, ಅವನ ಆಯುಧ ಹೂಸು. ತಮಾಷೆ ಅಲ್ಲ, ನಾಟಕದಲ್ಲೇ ಹಾಗಿದೆ. ರಾಜನ ಕಡೆಯವರು ಆಡುವ ಅರ್ಥವಾಗದ ಮಾತು ಕನ್ನಡ ಅಂತ 1904ರಲ್ಲಿ ಹುಲ್ಷ್ ಅನ್ನುವ ಜರ್ಮನ್ ವಿದ್ವಾಂಸ ಹೇಳಿದ. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನೇ ಮುಂದುವರಿಸಿದರು. ಒಪ್ಪದವರೂ ಇದ್ದಾರೆ, ಸುಮ್ನೆ ಬಾಯಿಗೆ ಬಂದ ಶಬ್ದ ಅನ್ನುತ್ತಾರೆ. ನಾನಂತೂ ಕನ್ನಡ ಅಂತಲೇ ನಂಬಿಕೊಂಡಿದ್ದೇನೆ, ಪುರಾವೆಗಿಂತ ಆಸೆಯೇ ಜಾಸ್ತಿ ಅಂತ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು. ಅಜಂತಾದ ಐದನೇ ಶತಮಾನದ ಚಿತ್ರ ನೋಡಿ ನೌಕಾಪಡೆಯವರು ಒಂದು ಹಡಗು ಮಾಡಿಸಿದ್ದಾರೆ, ಹೆಸರು ಕೌಂಡಿನ್ಯ. ಹಲಗೆಗಳಿಗೆ ಮೊಳೆ ಹೊಡೆದಿಲ್ಲ, ತೆಂಗಿನ ನಾರಿನ ಹುರಿಯಲ್ಲಿ ಹೊಲಿದಿದ್ದಾರೆ, ಇಂಜಿನ್ ಇಲ್ಲ. 2025ರ ಮೇ 21ಕ್ಕೆ ಕಾರವಾರದಲ್ಲಿ ನೌಕಾಪಡೆಗೆ ಸೇರಿತು, ಅದೇ ಡಿಸೆಂಬರಿನಲ್ಲಿ ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ಅದರ ಹಾಯಿಪಟದ ಮೇಲೆ ಗಂಡಭೇರುಂಡ ಇದೆ. ಅಂದರೆ ನಿಮ್ಮ ಮಕ್ಕಳು ದಿನಾ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡುವ ಅದೇ ಹಕ್ಕಿ.

ಪಿನಾಕಿನಿ_ದಂಡೆ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಎರಡು ಕಥೆ ಹೇಳಿದೆ. ಮೊದಲು ಗೌರಮ್ಮ. ಎಲ್ಲರೂ ಸುಮ್ಮನೆ ಕೂತು ಕೇಳಿದರು. ಆಮೇಲೆ ಗ್ರೀಕ್ ನಾಟಕ. ಹೂಸಿನ ಜಾಗಕ್ಕೆ ಬಂದ ಮೇಲೆ ಕಥೆ ಮುಂದೆ ಹೋಗಲೇ ಇಲ್ಲ, ಪಕ್ಕದ ಮನೆಯವರು ಏನಾಯಿತು ಅಂತ ಎದ್ದು ಬಂದರು. ತದಡಿ ಕಥೆಯನ್ನು ಅವರು ಸ್ವಲ್ಪ ದೊಡ್ಡವರಾದ ಮೇಲೆ ಹೇಳುತ್ತೇನೆ.

ಆದರೆ ಅದೇ ಹುಡುಗಿ ಇವತ್ತು ಇನ್ನೊಂದು ಪ್ರಶ್ನೆ ತಂದಿದ್ದಾಳೆ. ತಿಂಗಳುಗಟ್ಟಲೆ ಹಡಗಿನಲ್ಲೇ ಇರುತ್ತಿದ್ದರಲ್ಲ, ಕಕ್ಕಸಿಗೆ ಎಲ್ಲಿಗೆ ಹೋಗುತ್ತಿದ್ದರು ಅಂತ.

ತಗಾದೆ_ತಿಮ್ಮ:

ಯುರೋಪಿನ ಹಾಯಿ ಹಡಗುಗಳಲ್ಲಿ ಮುಂದಿನ ಮೂತಿ ಕಡೆ, ನೀರಿನ ಮೇಲೆ ಚಾಚಿಕೊಂಡ ತೂತಿನ ಹಲಗೆ. ಅಲೆ ಬಂದು ತೊಳೆದುಕೊಂಡು ಹೋಗುತ್ತಿತ್ತು. ಅದಕ್ಕೇ ಇವತ್ತಿಗೂ ನಾವಿಕರು ಇಂಗ್ಲಿಷಿನಲ್ಲಿ ಹಡಗಿನ ಕಕ್ಕಸಿಗೆ 'ಹೆಡ್' ಅನ್ನೋದು. ಹಿಂದುಗಡೆ ಕ್ಯಾಪ್ಟನ್ ಇರುತ್ತಿದ್ದ, ಅವನಿಗೆ ಬೇರೆ ವ್ಯವಸ್ಥೆ.