ಪದಚರ್ಚೆ: ‘ಪವರ್ ಕಂಡಿಷನರ್’ಗೆ ‘ಹದ’ ಒಗ್ಗುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಮನೆಯಲ್ಲಿ ಸಂಗೀತ ಕೇಳುವ ಸಲಕರಣೆಗಳ ಬಗ್ಗೆ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಆಂಪ್ಲಿಫೈಯರ್, ಸ್ಪೀಕರ್ ಎಂಬ ಪದಗಳನ್ನು ಹಾಗೆಯೇ ಉಳಿಸಿಕೊಂಡೆ; ಅವು ಎಂದೋ ನಮ್ಮವಾಗಿವೆ. ಪೆನ್ನು ನಿಂತದ್ದು ‘ಪವರ್ ಕಂಡಿಷನರ್’ ಬಳಿ. ಗೋಡೆಯ ಸಾಕೆಟ್ಟಿಗೂ ಆಂಪ್ಲಿಫೈಯರಿಗೂ ನಡುವೆ ಕೂರಿಸುವ ಪೆಟ್ಟಿಗೆ ಅದು.

ಹವಾನಿಯಂತ್ರಕದ ಜಾಡು ಹಿಡಿದು ಮೊದಲು ‘ವಿದ್ಯುತ್ ನಿಯಂತ್ರಕ’ ಎಂದು ಬರೆದೆ. ಮರುದಿನ ಓದಿದರೆ ಫ್ಯಾನಿನ ರೆಗ್ಯುಲೇಟರ್ ಕಣ್ಣ ಮುಂದೆ ಬಂತು. ‘ಸ್ಥಿರಕಾರಿ’ ಎಂದರೆ ಸ್ಟೆಬಿಲೈಸರ್ ಆಗಿಬಿಡುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ ಎತ್ತಿ, 260ಕ್ಕೆ ಏರಿದರೆ ತಗ್ಗಿಸಿ 230ರ ಆಸುಪಾಸಿಗೆ ತರುವುದು ಅದರ ಕೆಲಸ. ಸಾಮಾನ್ಯ ಕಂಡಿಷನರ್ ಆ ಗೊಡವೆಗೆ ಹೋಗುವುದಿಲ್ಲ. ಅದರೊಳಗಿನ ಕಾಯಿಲ್ ಮತ್ತು ಕೆಪಾಸಿಟರ್‌ಗಳು ಕರೆಂಟಿನ ಜೊತೆ ಬರುವ ಹೆಚ್ಚು ಆವರ್ತನದ ಕಸವನ್ನು ತಡೆಯುತ್ತವೆ (ಮಿಕ್ಸಿ ತಿರುಗಿಸಿದಾಗ ರೇಡಿಯೊ ಕರಕರ ಎನ್ನುತ್ತದಲ್ಲ, ಆ ಜಾತಿಯ ಕಸ). ಜೊತೆಗಿರುವ ವೇರಿಸ್ಟರ್ ದಿಢೀರನೆ ನುಗ್ಗುವ ವೋಲ್ಟೇಜನ್ನು (ಸರ್ಜ್) ತನ್ನ ಮೇಲೆ ಎಳೆದುಕೊಂಡು ತಾನು ಸವೆಯುತ್ತದೆ.

ಹಾಗಾದರೆ ‘ಶೋಧಕ’ ಎನ್ನೋಣವೇ? ಶೋಧಿಸುವುದು ಎಂದರೆ ಸೋಸುವುದೂ ಹೌದು, ಹುಡುಕುವುದೂ ಹೌದು. ವಿದ್ಯುತ್ ಶೋಧಕ ಎಂದೊಡನೆ ಕೈಯಲ್ಲಿ ಟೆಸ್ಟರ್ ಹಿಡಿದ ಲೈನ್‌ಮನ್ ನೆನಪಾಗುತ್ತಾನೆ. ಮೇಲಾಗಿ ಈ ಹೆಸರಿನಲ್ಲಿ ಮಾರುವ ಪೆಟ್ಟಿಗೆಗಳೆಲ್ಲ ಬರೀ ಸೋಸುವುದಿಲ್ಲ. ಕೆಲವು ದುಬಾರಿಯವು ಎಸಿ ಕರೆಂಟನ್ನು ಡಿಸಿ ಮಾಡಿ, ಅದರಿಂದ ಹೊಸದಾಗಿ ಎಸಿ ಕರೆಂಟನ್ನೇ ಹುಟ್ಟಿಸುತ್ತವೆ.

ಕೊನೆಗೆ ಹೊಳೆದದ್ದು ‘ಹದ’. ಉಳುವ ಮೊದಲು ಮಣ್ಣಿಗೆ ಹದ ಬೇಕು, ತೊಗಲನ್ನು ಹದ ಮಾಡುತ್ತಾರೆ, ಪಾಕಕ್ಕೆ ಹದವಿದೆ. ಮುಂದಿನ ಕೆಲಸಕ್ಕೆ ತಕ್ಕಂತೆ ಅಣಿಗೊಳಿಸುವುದು ಎಂಬ ಅರ್ಥ ಕಂಡಿಷನರ್‌ಗೆ ಚೆನ್ನಾಗಿ ಕೂರುತ್ತದೆ. ‘ವಿದ್ಯುತ್ ಹದಕ’ ಎಂದು ಬರೆದು ಹಿಗ್ಗಿದೆ. ಆಮೇಲೆ ಅನುಮಾನ ಶುರುವಾಯಿತು. ಪಾಕದ ಹದವನ್ನು ಎರಡು ಬೆರಳ ನಡುವಿನ ಎಳೆ ತೋರಿಸಿಕೊಡುತ್ತದೆ. ಇಲ್ಲಿ ಕಿವಿಗೆ ಏನು ತಿಳಿಯುತ್ತದೆ? ನೆಟ್ಟಗೆ ಕಟ್ಟಿದ ಆಂಪ್ಲಿಫೈಯರಿನಲ್ಲಿ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ಡಬ್ಬಿಯಂಥ ದೊಡ್ಡ ಕೆಪಾಸಿಟರ್‌ಗಳು ಇದೇ ಹದ ಮಾಡುವ ಕೆಲಸಕ್ಕೇ ಇರುವಂಥವು.

ನನ್ನ ಮನೆಯ ಕಥೆ ಹೇಳುತ್ತೇನೆ. ಸ್ಪೀಕರಿನಲ್ಲಿ ಸದಾ ಗುಂಯ್ ಎನ್ನುವ ದನಿ. ನಮ್ಮ ಕರೆಂಟು 50 ಹರ್ಟ್ಸ್; ಅದರ ಇಮ್ಮಡಿಯಾದ 100 ಹರ್ಟ್ಸ್ ಕೂಡ ಆ ದನಿಯಲ್ಲಿ ಇರುತ್ತದೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಗೆ ತಂಬೂರಿಯ ಪಂಚಮದ ತಂತಿ ಸುಮಾರು 98 ಹರ್ಟ್ಸ್. ಆಲಾಪದ ಉದ್ದಕ್ಕೂ ಪಂಚಮದ ಪಕ್ಕದಲ್ಲೇ ಅಪಶ್ರುತಿಯೊಂದು ಕುಳಿತಂತೆ! ಸ್ನೇಹಿತರೊಬ್ಬರು ತಮ್ಮ ಕಂಡಿಷನರ್ ತಂದು ಜೋಡಿಸಿದರು, ಗುಂಯ್ ಕದಲಲಿಲ್ಲ. ಬೇಸತ್ತು ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತೆ. ಸದ್ದು ನಿಂತಿತು. ಕೇಬಲ್ಲಿನ ಅರ್ತಿಂಗೂ ಮನೆಯ ಅರ್ತಿಂಗೂ ಸೇರಿ ಸುತ್ತು ಹಾಕಿಕೊಂಡಿದ್ದವು; ಗುಂಯ್ ಹುಟ್ಟುತ್ತಿದ್ದುದು ಆ ಸುತ್ತಿನಿಂದ. ಕಂಡಿಷನರ್ ಅರ್ತ್ ತಂತಿಯನ್ನು ಹಾಗೆಯೇ ದಾಟಿಸುತ್ತಿದ್ದುದರಿಂದ ಆ ಸುತ್ತು ಅದರಿಂದ ಕಡಿಯುವಂಥದ್ದಲ್ಲ. ಸಿಡಿಲ ಕಾಲದಲ್ಲಿ ಸರ್ಜ್ ತಡೆಗೆ ಒಂದಿಷ್ಟು ಖರ್ಚು ಮಾಡಲಿ, ವೋಲ್ಟೇಜ್ ಕುಣಿಯುವ ಊರಿನವರು ಸ್ಟೆಬಿಲೈಸರ್ ಕೊಳ್ಳಲಿ. ಮಿಕ್ಕ ಹಣಕ್ಕೆ ಸ್ಪೀಕರ್ ಬದಲಿಸುವುದು ಮೇಲು ಎಂಬುದು ನನ್ನ ಮತ.

ಹೀಗಿರುವಾಗ ಆ ಪೆಟ್ಟಿಗೆಗೆ ‘ಹದಕ’ ಎಂಬ ಹೆಸರಿಟ್ಟರೆ, ಅದು ಮಾಡದ ಕೆಲಸವನ್ನೂ ನಾವೇ ಅದಕ್ಕೆ ದಾನ ಮಾಡಿದಂತಾಗುವುದಿಲ್ಲವೇ? ‘ಸೋಸುಪೆಟ್ಟಿಗೆ’ ಎಂದರೆ ತೀರಾ ಒರಟಾಗುತ್ತದೆಯೇ, ಅಥವಾ ಕಂಡಿಷನರ್ ಎಂದೇ ಬಿಡುವುದು ಕ್ಷೇಮವೇ?

ಇನ್ನೊಂದು ಸಣ್ಣ ಪ್ರಶ್ನೆ. ಆ ಗುಂಯ್ ದನಿಗೆ ‘ಮೊರೆತ’ ಎನ್ನಬಹುದೇ? ಹಳಗನ್ನಡದಲ್ಲಿ ತುಂಬಿ (ದುಂಬಿ) ಮೊರೆಯುತ್ತದೆ, ಸರಿ. ಆದರೆ ಇಂದಿನ ಓದುಗರಿಗೆ ಮೊರೆತವೆಂದರೆ ಕಡಲೇ ಕೇಳಿಸುತ್ತದೆ.